ಗಾಳಿಯನ್ನು ದುಡಿಸಿದವರು

ತಿರುವಿಗೆ ಬಂದ ರೇಸ್ ಕಾರು ಭಾರವಾಗಿರಬೇಕು. ಅದೇ ಹೊತ್ತಿಗೆ ಹಗುರವಾಗಿಯೂ ಇರಬೇಕು. ಟೈರು ರಸ್ತೆಯನ್ನು ಗಟ್ಟಿಯಾಗಿ ಒತ್ತಿದಷ್ಟೂ ಹಿಡಿತ ಹೆಚ್ಚು, ಹಾಗಾಗಿ ಭಾರ ಒಳ್ಳೆಯದು. ಆದರೆ ಓಡುತ್ತಿರುವ ಯಾವುದೇ ವಸ್ತುವಿಗೆ ನೇರ ಹೋಗುವ ಹಟವಿರುತ್ತದೆ. ಆ ಹಟ ಮುರಿದು ಕಾರನ್ನು ಪಕ್ಕಕ್ಕೆ ಹೊರಳಿಸಬೇಕಾದ್ದೂ ಇದೇ ಹಿಡಿತ. ಕಾರು ಭಾರವಾದಷ್ಟೂ ಹಟ ದೊಡ್ಡದು, ಹಾಗಾಗಿ ಭಾರ ಕೆಟ್ಟದ್ದು. ತೂಕ ಇಮ್ಮಡಿಯಾದರೆ ಹಿಡಿತ ಇಮ್ಮಡಿ, ಬೇಕಾದ ಬಲವೂ ಇಮ್ಮಡಿ; ಕೂಡಿ ಕಳೆದರೆ ಸೊನ್ನೆ. 100 ಮೀಟರ್ ತ್ರಿಜ್ಯದ ತಿರುವು, 1.2 ಘರ್ಷಣಾ ಗುಣಾಂಕದ ಒಳ್ಳೆಯ ಟೈರು ಎಂದಿಟ್ಟುಕೊಳ್ಳಿ. ಗಂಟೆಗೆ ಸುಮಾರು 123 ಕಿಲೋಮೀಟರ್ ಅದರ ಗಡಿ. ಅರ್ಧ ಟನ್ನಿನ ಕಾರಿಗೂ ಅಷ್ಟೇ, ಒಂದು ಟನ್ನಿನದಕ್ಕೂ ಸ್ಥೂಲವಾಗಿ ಅಷ್ಟೇ. ಎಂಜಿನ್ ಎಷ್ಟೇ ದೊಡ್ಡದಿರಲಿ, ಈ ಗಡಿ ಕದಲುವುದಿಲ್ಲ.

ಕದಲಿಸಬೇಕಿದ್ದರೆ ಕಾರಿನ ದ್ರವ್ಯರಾಶಿ ಇದ್ದಷ್ಟೇ ಇರಬೇಕು, ಟೈರಿನ ಮೇಲಿನ ಒತ್ತು ಮಾತ್ರ ಹೆಚ್ಚಬೇಕು. ಕಾರಿನ ತೂಕದಷ್ಟೇ ಒತ್ತು ಹೊರಗಿನಿಂದ ಬಂತು ಅನ್ನಿ. ಅದೇ ತಿರುವಿನಲ್ಲಿ ಗಂಟೆಗೆ 175 ಕಿಲೋಮೀಟರ್ ವೇಗದಲ್ಲಿ ಹೊರಳಬಹುದು. ಹಾಗೆ ಪುಕ್ಕಟೆ ಒತ್ತಿಕೊಡಲು ನಮ್ಮ ಸುತ್ತ ಇರುವುದು ಗಾಳಿ. ಸಮುದ್ರಮಟ್ಟದಲ್ಲಿ ವಾತಾವರಣವು ಪ್ರತಿ ಚದರ ಮೀಟರಿನ ಮೇಲೆ ಸುಮಾರು 10 ಟನ್ ಭಾರ ಹೇರಿಕೊಂಡು ಕೂತಿದೆ. ಎಲ್ಲ ದಿಕ್ಕಿನಿಂದಲೂ ಸಮನಾಗಿ ಒತ್ತುವುದರಿಂದ ನಮಗೆ ಗೊತ್ತಾಗುವುದಿಲ್ಲ, ಅಷ್ಟೆ. ಈಗ ಕಾರಿನ ಹೊಟ್ಟೆಯ ಕೆಳಗೆ ಮಾತ್ರ ಈ ಒತ್ತಡ ನೂರಕ್ಕೆ ಎರಡು ಪಾಲು ತಗ್ಗಲಿ. ತಳದ ವಿಸ್ತೀರ್ಣ ಎರಡು ಚದರ ಮೀಟರ್ ಇದ್ದರೆ, ಮೇಲಿನ ಗಾಳಿ ಕಾರನ್ನು 400 ಕಿಲೋ ಭಾರದಷ್ಟು ಬಲದಿಂದ ನೆಲಕ್ಕೆ ಅದುಮುತ್ತದೆ. 1978ರ ಫಾರ್ಮುಲಾ ಒನ್ ನಿಯಮದ ಪ್ರಕಾರ ಕಾರಿನ ಕನಿಷ್ಠ ತೂಕವೇ 575 ಕಿಲೋ. ಆ ಎರಡು ಪಾಲನ್ನು ತಗ್ಗಿಸುವುದು ಹೇಗೆಂದು ಕಂಡುಕೊಂಡು, ಅದರಿಂದ ವಿಶ್ವಚಾಂಪಿಯನ್‌ಷಿಪ್ ಗೆದ್ದವರು ಇಂಗ್ಲೆಂಡಿನ ಟೀಮ್ ಲೋಟಸ್‌ನವರು.

ತಂಡದ ಯಜಮಾನ ಕಾಲಿನ್ ಚಾಪ್‌ಮನ್ ಓದಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ, ಸ್ಟ್ರಕ್ಚರಲ್ ಎಂಜಿನಿಯರಿಂಗ್. ಅಂದರೆ ಸೇತುವೆ, ಚಾವಣಿ, ಕಂಬ, ತೊಲೆಗಳ ಶಾಸ್ತ್ರ. ಓದುವಾಗಲೇ ವಿಮಾನ ಹಾರಿಸುವುದನ್ನೂ ಕಲಿತ. 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಬಿಚ್ಚಿಹಾಕಿ, ಗೆಳತಿ ಹೇಜಲ್ ವಿಲಿಯಮ್ಸ್‌ಳ ತಂದೆತಾಯಿಯ ಮನೆಯ ಹಿಂದಿದ್ದ ಗ್ಯಾರೇಜಿನಲ್ಲಿ ತನ್ನ ಮೊದಲ ಕಾರು ಕಟ್ಟಿದ. 1952ರಲ್ಲಿ ಕಂಪನಿ ಶುರುವಾದಾಗ ಬಂಡವಾಳಕ್ಕೆ ಇದ್ದದ್ದು ಹೇಜಲ್ ಸಾಲ ಕೊಟ್ಟ 25 ಪೌಂಡ್. ಕಾರ್ಖಾನೆಯೆಂದರೆ ಅವನಪ್ಪ ಉತ್ತರ ಲಂಡನ್ನಿನ ಹಾರ್ನ್ಸಿಯಲ್ಲಿ ನಡೆಸುತ್ತಿದ್ದ ರೈಲ್ವೆ ಹೋಟೆಲ್‌ನ ಹಿಂದಿನ ಕುದುರೆಲಾಯ. ಆರು ವರ್ಷ ಕಳೆಯುವಷ್ಟರಲ್ಲಿ, 1958ರ ಮೊನಾಕೊ ರೇಸಿನಲ್ಲಿ, ಲೋಟಸ್ ಕಾರುಗಳು ಫಾರ್ಮುಲಾ ಒನ್‌ಗೆ ಇಳಿದವು.

ಕಟ್ಟಡದ ಎಂಜಿನಿಯರು ಒಂದು ತೊಲೆಯನ್ನು ನೋಡಿದಾಗ ಕೇಳುವ ಮೊದಲ ಪ್ರಶ್ನೆ: ಇದು ಯಾವ ಭಾರ ಹೊತ್ತಿದೆ? ಏನೂ ಹೊತ್ತಿಲ್ಲವಾದರೆ ಅದು ದಂಡ, ತೆಗೆದುಹಾಕು. ಚಾಪ್‌ಮನ್ ಇದಕ್ಕೆ ಎರಡನೆಯದೊಂದು ಪ್ರಶ್ನೆ ಸೇರಿಸಿದ: ಒಂದು ಭಾರ ಹೊತ್ತಿರುವ ಭಾಗಕ್ಕೆ ಇನ್ನೊಂದನ್ನೂ ಹೊರಿಸಬಹುದೆ? ಲೋಟಸ್‌ನ ಇಡೀ ಚರಿತ್ರೆ ಈ ಎರಡನೆಯ ಪ್ರಶ್ನೆಗೆ ಸಿಕ್ಕ ಉತ್ತರಗಳ ಸರಮಾಲೆಯಾಗಿ ನನಗೆ ಕಾಣುತ್ತದೆ. ಆ ಉತ್ತರಗಳಲ್ಲಿ ಕೆಲವು ಜೀವ ತೆಗೆದವು. ಎರಡು ಕೆಲಸ ಮಾಡುವ ಭಾಗ ಮುರಿದರೆ ಎರಡೂ ಕೆಲಸ ಒಟ್ಟಿಗೇ ನಿಲ್ಲುತ್ತವೆ. ಆಸರೆಗೆ ಬೇರೆ ಏನೂ ಉಳಿದಿರುವುದಿಲ್ಲ.

1962ರ ಲೋಟಸ್ 25 ಆ ಉತ್ತರಗಳಲ್ಲಿ ಮೊದಲ ದೊಡ್ಡದು. ಅಲ್ಲಿಯವರೆಗೆ ರೇಸ್ ಕಾರಿನ ಚಾಸಿ ಎಂದರೆ ಉಕ್ಕಿನ ಕೊಳವೆಗಳನ್ನು ಬೆಸೆದ ಪಂಜರ. ಅದರೊಳಗೆ ಪೆಟ್ರೋಲ್ ಟ್ಯಾಂಕು, ಅದರ ಮೇಲೆ ತಗಡಿನ ಹೊದಿಕೆ. ಪಂಜರ ಭಾರ ಹೊರುತ್ತಿತ್ತು, ಟ್ಯಾಂಕು ಮತ್ತು ಹೊದಿಕೆ ಸುಮ್ಮನೆ ಕೂತಿದ್ದವು. ಚಾಪ್‌ಮನ್ ಪಂಜರವನ್ನೇ ಕಿತ್ತುಹಾಕಿದ. ಚಾಲಕನ ಎಡಬಲಕ್ಕೆ ಅಲ್ಯೂಮಿನಿಯಂ ಹಾಳೆಯ ಎರಡು ಉದ್ದ ಪೆಟ್ಟಿಗೆ, ನಡುವೆ ತಳ, ಹಿಂದೆ ಮುಂದೆ ಅಡ್ಡಗೋಡೆ. ಪೆಟ್ಟಿಗೆಗಳ ಒಳಗೆ ರಬ್ಬರ್ ಚೀಲದಲ್ಲಿ ಪೆಟ್ರೋಲ್. ಬಿಸ್ಕತ್ತಿನ ತಗಡಿನ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಿ; ಮುಚ್ಚಳ ಹಾಕಿದ್ದಾಗ ಅದು ಜಗ್ಗುವುದೇ ಇಲ್ಲ. ಹೊದಿಕೆಯೇ ಎಲುಬಾಗುವ ಈ ವಿನ್ಯಾಸಕ್ಕೆ ಮಾನೊಕಾಕ್ ಎಂದು ಹೆಸರು. ವಿಮಾನಗಳಲ್ಲಿ ಅದು ಹಳೆಯ ಮಾತಾಗಿತ್ತು. ಆದರೂ ಹಿಂದಿನ ಚಾಸಿಗಿಂತ ತೂಕ ಹೆಚ್ಚುಕಡಿಮೆ ಅರ್ಧಕ್ಕಿಳಿದು, ಬಿಗಿ ಸುಮಾರು ಮೂರು ಪಟ್ಟಾದಾಗ ರೇಸಿನವರು ಕಣ್ಣುಜ್ಜಿಕೊಂಡು ನೋಡಿದರು. ಬಿಗಿಯ ಮಹತ್ವ ಇಷ್ಟೆ: ಸ್ಪ್ರಿಂಗು ಕೂತಿರುವ ಚೌಕಟ್ಟೇ ತಿರುಚಿಕೊಂಡರೆ, ಸ್ಪ್ರಿಂಗನ್ನು ಎಷ್ಟು ನಾಜೂಕಾಗಿ ಹೊಂದಿಸಿದ್ದರೂ ಅದು ನೀರಿನಲ್ಲಿ ಮಾಡಿದ ಹೋಮ.

ಈ ಕಾರನ್ನು ಸ್ಕಾಟ್ಲೆಂಡಿನ ಕುರಿಸಾಕಣೆಯ ರೈತ ಜಿಮ್ ಕ್ಲಾರ್ಕ್ ಓಡಿಸಿದ. 1963ರ 10 ರೇಸುಗಳಲ್ಲಿ 7 ಗೆದ್ದು ಚಾಂಪಿಯನ್ ಆದ. 1965ರಲ್ಲಿ ಮತ್ತೊಮ್ಮೆ ಆ ಪಟ್ಟ, ಜೊತೆಗೆ ಅಮೆರಿಕದ ಇಂಡಿಯಾನಾಪೊಲಿಸ್ 500.

ಮುಂದಿನ ಹೆಜ್ಜೆ ಎಂಜಿನ್ನಿನದು. 1967ರ ಲೋಟಸ್ 49ರಲ್ಲಿ ಮಾನೊಕಾಕ್ ಚಾಲಕನ ಬೆನ್ನಿನ ಹಿಂದೆಯೇ ಮುಗಿದುಹೋಗುತ್ತದೆ. ಆ ಗೋಡೆಗೆ ಎಂಜಿನ್ನನ್ನು ಬೋಲ್ಟ್ ಹಾಕಿ ಬಿಗಿದರು. ಹಿಂದಿನ ಚಕ್ರಗಳ ಸಸ್ಪೆನ್ಷನ್ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನೇತುಬಿತ್ತು. ಎಂಜಿನ್ ಇನ್ನು ಮೇಲೆ ಕಾರನ್ನು ಓಡಿಸುವುದರ ಜೊತೆಗೆ ಕಾರಿನ ಹಿಂಭಾಗವೂ ಆಗಬೇಕು. ಮೊದಲೂ ಕೆಲವರು ಇದಕ್ಕೆ ಕೈಹಾಕಿದ್ದರು. ಆದರೆ ಈ ಕೆಲಸಕ್ಕೆಂದೇ ಹುಟ್ಟಿದ ಎಂಜಿನ್, ಕೀತ್ ಡಕ್‌ವರ್ತ್ ರೂಪಿಸಿದ ಕಾಸ್‌ವರ್ತ್ ಡಿಎಫ್‌ವಿ. ಫೋರ್ಡ್ ಕಂಪನಿ ಅದಕ್ಕೆ ಕೊಟ್ಟದ್ದು 1,00,000 ಪೌಂಡ್. ಹಾಲೆಂಡಿನ ಜಾಂಡ್‌ವೋರ್ಟ್‌ನಲ್ಲಿ ಮೊದಲ ಸಲ ಟ್ರ್ಯಾಕಿಗಿಳಿದ ದಿನವೇ ಕ್ಲಾರ್ಕ್ ಅದರಲ್ಲಿ ಗೆದ್ದ. ಮುಂದೆ ಫೋರ್ಡ್ ಈ ಎಂಜಿನ್ನನ್ನು ಬೇರೆ ತಂಡಗಳಿಗೂ ಮಾರಿತು. ಎರಡು ದಶಕ ತುಂಬುವುದರೊಳಗೆ ಅದು 155 ಗ್ರಾಂಪ್ರಿ ಗೆದ್ದಿತು. ಫೋರ್ಡಿನವರ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಹೆಸರು ಬಂದ ಇನ್ನೊಂದು ವ್ಯವಹಾರ ಇದ್ದಂತಿಲ್ಲ. ಇಂದಿನ ಫಾರ್ಮುಲಾ ಒನ್ ಕಾರುಗಳಲ್ಲೂ ಎಂಜಿನ್ ಕೂರುವುದು ಹೀಗೆಯೇ.

ಇನ್ನು ಇಂಥ ಉತ್ತರಗಳ ಖರ್ಚಿನ ಪಟ್ಟಿ. 1960ರ ಬೆಲ್ಜಿಯಂ ಗ್ರಾಂಪ್ರಿಯ ಅಭ್ಯಾಸದಲ್ಲಿ ಸ್ಟರ್ಲಿಂಗ್ ಮಾಸ್ ಓಡಿಸುತ್ತಿದ್ದ ಲೋಟಸ್ 18ರ ಹಿಂದಿನ ಚಕ್ರ ಕಳಚಿತು. ಅವನ ಎರಡೂ ಕಾಲು ಮುರಿದವು. ಅದೇ ಅಭ್ಯಾಸದಲ್ಲಿ ಇನ್ನೊಂದು ಲೋಟಸ್‌ನ ಸ್ಟಿಯರಿಂಗ್ ಬೆಸುಗೆ ಬಿಟ್ಟು ಮೈಕ್ ಟೇಲರ್‌ನ ರೇಸ್ ಜೀವನ ಮುಗಿಯಿತು. 1969ರಲ್ಲಿ ತಂಡ ಸೇರಿದ ಆಸ್ಟ್ರಿಯದ ಯೋಖೆನ್ ರಿಂಟ್ ಚಾಪ್‌ಮನ್‌ಗೆ ಕಾಗದ ಬರೆದು, ತೀರ ದುರ್ಬಲವಾಗಿರುವ ಭಾಗಗಳನ್ನು ಸ್ವಲ್ಪ ತೂಕ ಹೆಚ್ಚಿದರೂ ಸರಿ, ಗಟ್ಟಿ ಮಾಡಿಕೊಡಿ ಎಂದು ಕೇಳಿಕೊಂಡ. ಆ ಹೊತ್ತಿಗೆ ಅವನಿಗೆ ಒಂದು ಅನುಭವ ಆಗಿಹೋಗಿತ್ತು. ಅದು ರೆಕ್ಕೆಗಳದು.

ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿದರೆ ಅದು ಎತ್ತುವ ಬದಲು ಅದುಮುತ್ತದೆ. ಅಮೆರಿಕದ ಜಿಮ್ ಹಾಲ್ 1966ರಲ್ಲಿ ತನ್ನ ಚಾಪರಲ್ ಕಾರಿನ ಮೇಲೆ ಎತ್ತರದ ಕೋಲುಗಳ ತುದಿಗೆ ಇಂಥ ರೆಕ್ಕೆ ಕಟ್ಟಿ ತೋರಿಸಿದ್ದ. 1968ರಲ್ಲಿ ಫಾರ್ಮುಲಾ ಒನ್‌ಗೂ ರೆಕ್ಕೆ ಬಂತು. ಲೋಟಸ್‌ನವರು ಕೋಲನ್ನು ಚಾಸಿಗೆ ಕೂಡಿಸದೆ ನೇರ ಚಕ್ರದ ಗುಂಬಕ್ಕೆ ಕೂಡಿಸಿದರು: ಒತ್ತು ಸ್ಪ್ರಿಂಗಿನ ಮೂಲಕ ಬಳಸಿಕೊಂಡು ಹೋಗದೆ ಸೀದಾ ಟೈರಿಗೆ ಸಿಗಲಿ ಎಂದು. ತರ್ಕ ಸರಿ. ಕೋಲು ಸಣ್ಣದು. 1969ರ ಮೇ 4ರಂದು ಬಾರ್ಸೆಲೋನಾದ ಮೊಂಜುಯಿಕ್ ರಸ್ತೆಗಳಲ್ಲಿ ತಂಡದ ಇನ್ನೊಬ್ಬ ಚಾಲಕ ಗ್ರಹಾಂ ಹಿಲ್‌ನ ಕಾರಿನ ರೆಕ್ಕೆ ಕುಸಿಯಿತು. ಕೆಲವು ಸುತ್ತಿನ ಬಳಿಕ ಅದೇ ಜಾಗದ ಹತ್ತಿರ ರಿಂಟ್‌ನದೂ ಕುಸಿಯಿತು. ಮುಂದಿನ ಮೊನಾಕೊ ರೇಸಿನ ಹೊತ್ತಿಗೆ ಎತ್ತರದ ರೆಕ್ಕೆಗೆ ನಿಷೇಧ ಬಿತ್ತು.

1970ರ ಲೋಟಸ್ 72 ಮೂಗು ಚೂಪಾದ ಬೆಣೆಯಾಕಾರದ ಕಾರು. ಅಲ್ಲಿಯವರೆಗೆ ಮೂಗಿನಲ್ಲಿದ್ದ ರೇಡಿಯೇಟರ್ ಎರಡಾಗಿ ಪಕ್ಕಕ್ಕೆ ಸರಿಯಿತು; ಫಾರ್ಮುಲಾ ಒನ್ ಕಾರಿನ ಇಂದಿನ ಮುಖಲಕ್ಷಣ ಮೂಡಿದ್ದು ಇಲ್ಲಿಂದ. ಬ್ರೇಕುಗಳೂ ಚಕ್ರ ಬಿಟ್ಟು ಕಾರಿನ ಒಡಲಿಗೆ ಬಂದವು. ಚಕ್ರದ ಜೊತೆ ಕುಪ್ಪಳಿಸುವ ತೂಕ ಕಡಿಮೆಯಾದಷ್ಟೂ ಟೈರು ರಸ್ತೆಯ ಉಬ್ಬುತಗ್ಗಿಗೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಆದರೆ ಬ್ರೇಕಿನ ಬಲ ಈಗ ಒಂದು ತೆಳು ಶಾಫ್ಟಿನ ಮೂಲಕ ಚಕ್ರಕ್ಕೆ ಹೋಗಬೇಕಾಯಿತು. ಸೆಪ್ಟೆಂಬರ್ 5ರಂದು ಮೋಂಝಾದಲ್ಲಿ, ನೇರ ದಾರಿಯ ವೇಗಕ್ಕಾಗಿ ರೆಕ್ಕೆ ಕಳಚಿಟ್ಟು ಅಭ್ಯಾಸ ಮಾಡುತ್ತಿದ್ದಾಗ, ರಿಂಟ್‌ನ ಮುಂದಿನ ಬಲಗಡೆಯ ಬ್ರೇಕ್ ಶಾಫ್ಟ್ ತುಂಡಾಯಿತು. ಕಾರು ತಡೆಬೇಲಿಗೆ ಬಡಿಯಿತು. ಬೇಲಿಯನ್ನು ನೆಟ್ಟ ರೀತಿಯೂ ಸರಿಯಿರಲಿಲ್ಲ. ಅಷ್ಟರಲ್ಲಿ ಅವನು ಗಳಿಸಿದ್ದ ಅಂಕಗಳನ್ನು ವರ್ಷಾಂತ್ಯದವರೆಗೆ ಯಾರೂ ದಾಟಲಿಲ್ಲ. ಸತ್ತ ಮೇಲೆ ವಿಶ್ವಚಾಂಪಿಯನ್ ಆದವನು ಈವರೆಗೆ ಅವನೊಬ್ಬನೇ. ಎರಡು ವರ್ಷದ ಬಳಿಕ ಅದೇ 72ರಲ್ಲಿ, ಕಪ್ಪು-ಚಿನ್ನದ ಬಣ್ಣದಲ್ಲಿ, ಬ್ರೆಜಿಲ್‌ನ ಎಮರ್ಸನ್ ಫಿಟಿಪಾಲ್ಡಿ ಚಾಂಪಿಯನ್ ಆದ. ಆ ಬಣ್ಣ ಒಂದು ಸಿಗರೇಟಿನದು. ರೇಸ್ ಕಾರನ್ನು ಓಡುವ ಜಾಹೀರಾತು ಫಲಕ ಮಾಡಿದ್ದರಲ್ಲೂ ಲೋಟಸ್ ಮುಂದಾಳು.

72 ಮುದಿಯಾಯಿತು. ಅದರ ಜಾಗಕ್ಕೆ ಬಂದ ಕಾರು ಕೈಕೊಟ್ಟಿತು. 1975ರಲ್ಲಿ ಚಾಪ್‌ಮನ್ ತನಗೆ ಗೊತ್ತಿಲ್ಲದ್ದನ್ನೆಲ್ಲ ಒಂದು ಟಿಪ್ಪಣಿಯಾಗಿ ಬರೆದು ತನ್ನ ಎಂಜಿನಿಯರು ಟೋನಿ ರಡ್ ಕೈಗಿತ್ತ. ನಾರ್ಫಕ್‌ನ ಹೆಥೆಲ್‌ನಲ್ಲಿ, ಯುದ್ಧಕಾಲದ ಬಾಂಬರ್ ವಿಮಾನಗಳ ನಿಲ್ದಾಣವಾಗಿದ್ದ ಜಾಗದಲ್ಲಿ, ಲೋಟಸ್ ಕಾರ್ಖಾನೆ ಇತ್ತು. ರಡ್‌ನ ಪುಟ್ಟ ಸಂಶೋಧನಾ ಗುಂಪು ಕೂತದ್ದು ಅಲ್ಲಿಂದ ಹತ್ತಿರದ ಕೆಟರಿಂಗ್‌ಹ್ಯಾಂ ಹಾಲ್ ಎಂಬ ಹಳೆಯ ಬಂಗಲೆಯಲ್ಲಿ. ಗುಂಪಿನಲ್ಲಿದ್ದ ಪೀಟರ್ ರೈಟ್‌ಗೆ ಗಾಳಿಯ ಹರಿವು ಪರಿಚಿತ ವಿಷಯ. ಅವನೂ ರಡ್ಡೂ ಹಿಂದೆ ಬಿಆರ್‌ಎಂ ತಂಡದಲ್ಲಿದ್ದಾಗ ಕಾರಿನ ಪಕ್ಕೆಯನ್ನೇ ರೆಕ್ಕೆಯಾಗಿಸುವ ಪ್ರಯೋಗ ಶುರುಮಾಡಿ ಅರ್ಧಕ್ಕೆ ಬಿಟ್ಟಿದ್ದರು.

ಈ ಸಲ ಅದಕ್ಕೆ ಇನ್ನೊಂದು ನೆಪ ಸಿಕ್ಕಿತು. ಎರಡನೇ ಮಹಾಯುದ್ಧದ ಮಸ್ಕಿಟೊ ವಿಮಾನದಲ್ಲಿ ರೇಡಿಯೇಟರ್ ರೆಕ್ಕೆಯ ಒಳಗೇ ಇರುತ್ತಿತ್ತು. ಅದನ್ನು ತಲೆಕೆಳಗು ಮಾಡಿ ಕಾರಿನ ಎರಡೂ ಪಕ್ಕಕ್ಕೆ ಇಟ್ಟರೆ? ರೇಡಿಯೇಟರಿಗೆ ಬೇಕಾದ ಗೂಡೇ ಕಾರನ್ನು ಅದುಮುವ ರೆಕ್ಕೆಯೂ ಆಗುತ್ತದೆ. ಮತ್ತೆ ಅದೇ ಚಾಳಿ, ಒಂದಕ್ಕೆ ಎರಡು ಕೆಲಸ.

ನಾಲ್ಕನೇ ಒಂದು ಅಳತೆಯ ಮಾದರಿ ಕಟ್ಟಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಂಡ್ ಟನಲ್‌ಗೆ ಒಯ್ದರು. ಅಲ್ಲಿ ಒಂದು ಸೌಲಭ್ಯವಿತ್ತು. ಸಾಮಾನ್ಯ ಟನಲ್‌ನಲ್ಲಿ ಕಾರಿನ ಮಾದರಿ ನಿಂತಿರುತ್ತದೆ, ಗಾಳಿ ಬೀಸುತ್ತದೆ, ನೆಲವೂ ನಿಂತಿರುತ್ತದೆ. ನಿಜವಾದ ರಸ್ತೆಯಲ್ಲಿ ಹಾಗಿಲ್ಲ. ಕಾರಿನಿಂದ ನೋಡಿದರೆ ಗಾಳಿಯೂ ರಸ್ತೆಯೂ ಒಟ್ಟಿಗೇ ಹಿಂದಕ್ಕೆ ಓಡುತ್ತವೆ. ನಿಂತ ನೆಲದ ಮೇಲೆ ಬೀಸುವ ಗಾಳಿ ನೆಲಕ್ಕೆ ತಗುಲಿ ಮಂದವಾಗಿ, ಒಂದು ದಪ್ಪ ಪದರವಾಗಿ, ಕಾರಿನ ಕೆಳಗಿನ ಕಿರಿದಾದ ಸಂದನ್ನು ಮುಚ್ಚಿಬಿಡುತ್ತದೆ. ಇಂಪೀರಿಯಲ್ ಕಾಲೇಜಿನ ಟನಲ್‌ನಲ್ಲಿ ನೆಲದ ಬದಲು ಗಾಳಿಯ ವೇಗದಲ್ಲೇ ಓಡುವ ಬೆಲ್ಟ್ ಇತ್ತು. ಅದಿಲ್ಲದೆ ಮುಂದಿನ ಕತೆಯೇ ಇಲ್ಲ.

ಪ್ರಯೋಗ ನಡೆದಷ್ಟೂ ಅಂಕಿಗಳು ಚೆಲ್ಲಾಪಿಲ್ಲಿಯಾದವು. ಒಮ್ಮೆ ಬಂದ ಒತ್ತು ಇನ್ನೊಮ್ಮೆ ಬರದು. ವೇಗ ಹೆಚ್ಚಿಸಿದರೆ ಲೆಕ್ಕಕ್ಕೆ ಮೀರಿದ ಒತ್ತು. ಕಣ್ಣಿಟ್ಟು ನೋಡಿದಾಗ ಮಾದರಿಯ ಪಕ್ಕೆಗಳು ಗಾಳಿಯ ಸೆಳೆತಕ್ಕೆ ಜೋತುಬಿದ್ದು ಬೆಲ್ಟಿನ ಹತ್ತಿರ ಹೋಗುತ್ತಿದ್ದವು. ಮಾದರಿ ಗಟ್ಟಿಯಿರಲಿಲ್ಲ, ಅಷ್ಟೇ. ತಂತಿ ಕಟ್ಟಿ ಪಕ್ಕೆಗಳನ್ನು ಎತ್ತಿ ನಿಲ್ಲಿಸಿದರು. ಹೆಚ್ಚುವರಿ ಒತ್ತು ಮಾಯ. ಹಾಗಾದರೆ ಒತ್ತು ಕೊಟ್ಟದ್ದು ಜೋತುಬಿದ್ದ ಅಂಚು. ಪಕ್ಕೆಯ ಹೊರ ಅಂಚಿಗೆ ರಟ್ಟಿನ ಪಟ್ಟಿ ಅಂಟಿಸಿ, ನೆಲಕ್ಕೂ ಅಂಚಿಗೂ ನಡುವಿನ ಸಂದು ಮುಚ್ಚಿ ನೋಡಿದರು. ಅಳತೆಯ ಮುಳ್ಳು ಜಿಗಿಯಿತು.

ಏನು ನಡೆದಿತ್ತು? ಕಾರಿನ ಕೆಳಗೆ ಮುಂದೆ ಅಗಲ, ನಡುವೆ ಇರುಕು, ಹಿಂದೆ ಮತ್ತೆ ಅಗಲವಾಗುವ ಸುರಂಗವಿದೆ. ಎಷ್ಟು ಗಾಳಿ ಒಳಹೊಕ್ಕಿತೋ ಅಷ್ಟೂ ಹೊರಬರಬೇಕು. ಹಾಗಾಗಿ ಇರುಕಿನಲ್ಲಿ ಅದು ಓಡಲೇಬೇಕು. ಗಾಳಿಯ ತುಣುಕೊಂದು ವೇಗ ಪಡೆಯಬೇಕಾದರೆ ಹಿಂದಿನಿಂದ ಯಾರಾದರೂ ತಳ್ಳಬೇಕು. ತಳ್ಳುವುದು ಹಿಂದಿರುವ ಗಾಳಿಯ ಒತ್ತಡ. ಅಂದರೆ ಹಿಂದೆ ಒತ್ತಡ ಹೆಚ್ಚು, ಮುಂದೆ, ಅಂದರೆ ಇರುಕಿನಲ್ಲಿ, ಕಡಿಮೆ. 1738ರಲ್ಲಿ ಡೇನಿಯಲ್ ಬರ್ನೌಲಿ ಈ ಸಂಬಂಧವನ್ನು ಪುಸ್ತಕದಲ್ಲಿ ದಾಖಲಿಸಿದ. ಇಂಥ ಸೊಂಟ ಸಣ್ಣದಾದ ಕೊಳವೆಗೆ ಇಟಲಿಯ ವೆಂಚುರಿಯ ಹೆಸರು ಅಂಟಿಕೊಂಡಿದೆ. ಆದರೆ ಅವರ ಕೊಳವೆಗೆ ಸುತ್ತಲೂ ಗೋಡೆಯಿತ್ತು. ಕಾರಿನ ಸುರಂಗಕ್ಕೆ ಮೇಲಿನ ಗೋಡೆ ಕಾರು, ಕೆಳಗಿನ ಗೋಡೆ ರಸ್ತೆ. ಪಕ್ಕದ ಗೋಡೆಗಳೇ ಇಲ್ಲ. ಒಳಗೆ ಒತ್ತಡ ಇಳಿದ ಕೂಡಲೇ ಹೊರಗಿನ ಗಾಳಿ ಪಕ್ಕದಿಂದ ನುಗ್ಗಿ ಅದನ್ನು ಸರಿದೂಗಿಸುತ್ತಿತ್ತು. ರಟ್ಟಿನ ಪಟ್ಟಿ ಆ ಗೋಡೆಯಾಯಿತು. ರೆಕ್ಕೆಗೆ ಹೋಲಿಸಿದರೆ ಇದರ ದೊಡ್ಡ ಲಾಭವೆಂದರೆ, ಒತ್ತಿನ ಜೊತೆ ಬರುವ ಗಾಳಿಯ ಎದುರೆಳೆತ ಬಹಳ ಕಡಿಮೆ.

1977ರ ಲೋಟಸ್ 78ಕ್ಕೆ ರಟ್ಟಿನ ಬದಲು ಮೊದಲು ಬ್ರಷ್ಷಿನ ಎಳೆಗಳು, ಬಳಿಕ ರಸ್ತೆಯ ಏರಿಳಿತಕ್ಕೆ ತಕ್ಕಂತೆ ಮೇಲೆ ಕೆಳಗೆ ಜಾರುವ ಪಟ್ಟಿಗಳು ಬಂದವು. ಸ್ಕರ್ಟ್ ಎಂದು ಎಲ್ಲರೂ ಕರೆದದ್ದು ಇವನ್ನೇ. ಆ ವರ್ಷ 5 ರೇಸು ಗೆದ್ದರೂ ಎಂಜಿನ್ನುಗಳು ಸಾಲಾಗಿ ಕೈಕೊಟ್ಟು ಚಾಂಪಿಯನ್ ಪಟ್ಟ ತಪ್ಪಿತು. ಇನ್ನೊಂದು ಕೊರತೆಯೂ ಇತ್ತು. ಸೆಳೆತದ ಕೇಂದ್ರ ತೀರ ಮುಂದಿತ್ತು. ಹಿಂಭಾಗವನ್ನು ಸರಿದೂಗಿಸಲು ದೊಡ್ಡ ರೆಕ್ಕೆ ಹಾಕಬೇಕಾಗಿ, ನೇರ ದಾರಿಯಲ್ಲಿ ಕಾರು ಹಿಂದೆ ಬೀಳುತ್ತಿತ್ತು. ಮರುವರ್ಷದ ಲೋಟಸ್ 79ರಲ್ಲಿ ಪೆಟ್ರೋಲ್ ಎಲ್ಲ ಚಾಲಕನ ಬೆನ್ನ ಹಿಂದಿನ ಒಂದೇ ಟ್ಯಾಂಕಿಗೆ ಬಂತು, ಹಿಂದಿನ ಸ್ಪ್ರಿಂಗುಗಳು ಒಳಕ್ಕೆ ಸರಿದವು, ಸುರಂಗದ ಬಾಯಿಗೆ ಅಡ್ಡ ಬರುತ್ತಿದ್ದುದೆಲ್ಲ ತೊಲಗಿತು. ನೋಡುವುದಕ್ಕೂ ಅಂಥ ಕಾರು ಮತ್ತೊಂದು ಬಂದಿಲ್ಲ ಎನ್ನುವವರ ಪೈಕಿ ನಾನೂ ಒಬ್ಬ. 1978ರ 16 ರೇಸುಗಳಲ್ಲಿ ಲೋಟಸ್ ಗೆದ್ದದ್ದು 8. ಅದರಲ್ಲಿ 6 ಈ 79ರದು.

ಉಳಿದ ತಂಡಗಳಿಗೆ ಆ ಬೇಸಿಗೆಯಲ್ಲಿ ದಿಕ್ಕೇ ತೋಚಲಿಲ್ಲ. ಬ್ರಾಬಮ್ ತಂಡದ ಗಾರ್ಡನ್ ಮರ್ರಿ ಕಾರಿನ ಹಿಂದೆ ಒಂದು ದೊಡ್ಡ ಫ್ಯಾನನ್ನೇ ಕೂರಿಸಿ ಕೆಳಗಿನ ಗಾಳಿಯನ್ನು ಹೀರಿ ಎಸೆದ. ಎಂಜಿನ್ ತಣಿಸಲಿಕ್ಕೆ ಎಂದು ನಿಯಮ ನೋಡುವವರಿಗೆ ಹೇಳಿದ. ಸ್ವೀಡನ್ನಿನಲ್ಲಿ ನಿಕಿ ಲೌಡಾ ಅದರಲ್ಲಿ ಆರಾಮಾಗಿ ಗೆದ್ದ. ಆ ಕಾರು ಮತ್ತೆ ಓಡಲಿಲ್ಲ.

ಚಾಂಪಿಯನ್ ಆದವನು ಮಾರಿಯೊ ಆಂಡ್ರೆಟ್ಟಿ. ಇಂದು ಕ್ರೊಯೇಷಿಯದಲ್ಲಿರುವ ಊರಿನಲ್ಲಿ ಹುಟ್ಟಿ, ಇಟಲಿಯ ನಿರಾಶ್ರಿತರ ಶಿಬಿರದಲ್ಲಿ ಬೆಳೆದು, 1955ರಲ್ಲಿ ಅಮೆರಿಕಕ್ಕೆ ವಲಸೆ ಹೋದವನು. ಹುಡುಗನಾಗಿದ್ದಾಗ ರೇಸ್ ನೋಡಿದ್ದ ಮೋಂಝಾದಲ್ಲೇ ಪಟ್ಟ ಖಚಿತವಾಯಿತು. ಸಂಭ್ರಮ ಆಗಲಿಲ್ಲ. ಅವನ ಜೊತೆಗಾರ ರೋನಿ ಪೀಟರ್ಸನ್‌ನ 79 ಆ ಬೆಳಿಗ್ಗೆ ಜಖಂ ಆದ್ದರಿಂದ ಹಳೆಯ 78ರಲ್ಲಿ ಹೊರಟಿದ್ದ. ರೇಸ್ ಶುರುವಾದ ಕೆಲವೇ ಕ್ಷಣದಲ್ಲಿ ಹಲವು ಕಾರುಗಳು ಒಂದರ ಮೇಲೊಂದು ಬಿದ್ದು, ಅವನ ಕಾಲುಗಳು ನಜ್ಜಾದವು. ಮುರಿದ ಮೂಳೆಗಳಿಂದ ರಕ್ತಕ್ಕೆ ಸೇರಿದ ಕೊಬ್ಬು ಹರಿವಿಗೆ ಅಡ್ಡ ಕಟ್ಟಿ ಮರುದಿನ ಬೆಳಿಗ್ಗೆ ಮಿಲಾನ್‌ನ ಆಸ್ಪತ್ರೆಯಲ್ಲಿ ತೀರಿಕೊಂಡ.

1979ರಲ್ಲಿ ಲೋಟಸ್ ಒಂದು ರೇಸನ್ನೂ ಗೆಲ್ಲಲಿಲ್ಲ. ಕಾರಣ ಕುತೂಹಲಕರವಾಗಿದೆ, ಅವಸರ ಬೇಡ. ಪಕ್ಕೆಯ ಸುರಂಗ ಇಷ್ಟು ಕೊಟ್ಟಿತಲ್ಲ, ಮೂಗಿನಿಂದ ಬಾಲದವರೆಗೂ ಸುರಂಗ ಮಾಡೋಣ, ರೆಕ್ಕೆಯೇ ಬೇಡ ಎಂದು ಲೋಟಸ್ 80 ಕಟ್ಟಿದರು. ಟ್ರ್ಯಾಕಿಗೆ ಬಂದ ಕಾರು ಕುಣಿಯತೊಡಗಿತು. ವೇಗ ಏರಿದರೆ ಸೆಳೆತ ಏರಿ ಕಾರು ನೆಲಕ್ಕೆ ಕುಸಿಯುತ್ತದೆ. ಸಂದು ತೀರ ಕಿರಿದಾದಾಗ ಗಾಳಿಯ ಹರಿವೇ ಕಡಿಯುತ್ತದೆ. ಸೆಳೆತ ತಪ್ಪಿ ಸ್ಪ್ರಿಂಗು ಕಾರನ್ನು ಮೇಲೆತ್ತುತ್ತದೆ. ಸಂದು ತೆರೆದು ಗಾಳಿ ಮತ್ತೆ ನುಗ್ಗುತ್ತದೆ, ಮತ್ತೆ ಕುಸಿತ. ಸೆಕೆಂಡಿಗೆ ಹಲವು ಬಾರಿ ಈ ಚಕ್ರ. ಕಡಲಹಂದಿ ನೀರಿನಲ್ಲಿ ಮುಳುಗಿ ಏಳುವುದನ್ನು ನೋಡಿದವರು ಇದಕ್ಕೆ ಪೋರ್ಪಾಯಿಸಿಂಗ್ ಎಂದರು. ಆಂಡ್ರೆಟ್ಟಿ ಮೂರು ರೇಸಿನಲ್ಲಿ ಅದನ್ನು ಓಡಿಸಿ ಸಾಕೆಂದ. ಹೊಸದಾಗಿ ಬಂದಿದ್ದ ಕಾರ್ಲೋಸ್ ರಾಯ್ಟೆಮನ್ ರೇಸಿಗೆ ಹಳೆಯ 79ರನ್ನೇ ನೆಚ್ಚಿಕೊಂಡ. ಅತ್ತ ವಿಲಿಯಮ್ಸ್ ತಂಡದ ಪ್ಯಾಟ್ರಿಕ್ ಹೆಡ್ 79ರನ್ನು ಚೆನ್ನಾಗಿ ಓದಿಕೊಂಡು, ಅದೇ ಉಪಾಯಕ್ಕೆ ಇನ್ನೂ ಬಿಗಿಯಾದ ಚಾಸಿ ಕಟ್ಟಿದ. ಈ ಮಟ್ಟದ ಸೆಳೆತ ತಡೆಯಲು 79ರ ತೆಳು ಒಡಲಿಗೆ ತ್ರಾಣವಿರಲಿಲ್ಲ. ಹಗುರಕ್ಕೆಂದು ಹುಟ್ಟಿದ ತಂಡ ಗಾಳಿಯಿಂದ ಭಾರ ಪಡೆಯಿತು, ಆ ಭಾರ ಹೊರುವಷ್ಟು ಗಟ್ಟಿಯಾಗಲು ಒಪ್ಪಲಿಲ್ಲ. ನನ್ನ ಎಣಿಕೆಯಲ್ಲಿ ಲೋಟಸ್ ಸೋತದ್ದು ಇಲ್ಲಿ. ಮುಂದಿನ ವರ್ಷಗಳ ಹಣದ ಮುಗ್ಗಟ್ಟು ಆಮೇಲಿನದು.

ಕುಣಿತಕ್ಕೆ ಎಲ್ಲರೂ ಕಂಡುಕೊಂಡ ಮದ್ದು ಕಲ್ಲಿನಂಥ ಸ್ಪ್ರಿಂಗು. ಕಾರು ಕುಣಿಯುವುದು ನಿಂತಿತು, ಚಾಲಕನ ಬೆನ್ನೆಲುಬು ಕುಣಿಯಿತು. 1981ರಲ್ಲಿ ಚಾಪ್‌ಮನ್ ಬೇರೊಂದು ಮದ್ದು ತಂದ. ಲೋಟಸ್ 88ರಲ್ಲಿ ಎರಡು ಚಾಸಿ: ಹೊರಗಿನದು ಗಾಳಿಯ ಒತ್ತನ್ನು ಹೊತ್ತು ನೇರ ಚಕ್ರಗಳಿಗೆ ಮುಟ್ಟಿಸುತ್ತದೆ, ಒಳಗಿನದು ಮೃದುವಾದ ಸ್ಪ್ರಿಂಗಿನ ಮೇಲೆ ಚಾಲಕನನ್ನು ಹೊತ್ತುಕೊಳ್ಳುತ್ತದೆ. ಜೀವನವಿಡೀ ಒಂದು ಭಾಗದಿಂದ ಎರಡು ಕೆಲಸ ತೆಗೆದವನು ಕೊನೆಗೆ, ಈ ಎರಡು ಕೆಲಸ ಒಂದರಿಂದ ಆಗದು, ಬೇರ್ಪಡಿಸಬೇಕು ಎಂಬ ತೀರ್ಮಾನಕ್ಕೆ ಬಂದಿದ್ದ. ಅವನ ಎಲ್ಲ ಕಾರುಗಳ ಪೈಕಿ ನನಗೆ ಅತಿ ಪ್ರಬುದ್ಧ ಎನಿಸುವುದು ಇದೇ. ಬೇರೆ ತಂಡಗಳು ತಕರಾರು ತೆಗೆದವು. ಒಂದೇ ಒಂದು ರೇಸಿನಲ್ಲೂ ಓಡದೆ 88 ನಿಷೇಧಕ್ಕೆ ಗುರಿಯಾಯಿತು. 1983ಕ್ಕೆ ಎಲ್ಲ ಕಾರುಗಳ ತಳವೂ ಚಪ್ಪಟೆಯಾಗಿರಬೇಕೆಂಬ ನಿಯಮ ಬಂದು ಸುರಂಗಗಳೇ ಮುಚ್ಚಿದವು.

ಅದನ್ನು ನೋಡಲು ಚಾಪ್‌ಮನ್ ಇರಲಿಲ್ಲ. 1982ರ ಆಗಸ್ಟಿನಲ್ಲಿ ಆಸ್ಟ್ರಿಯದಲ್ಲಿ ಲೋಟಸ್‌ನ ಎಲಿಯೊ ಡಿ ಆಂಜೆಲಿಸ್ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದ ಅಂತರದಲ್ಲಿ ಗೆದ್ದಾಗ ಆತ ರೂಢಿಯಂತೆ ಟೋಪಿ ಮೇಲಕ್ಕೆ ಎಸೆದಿದ್ದ. ಡಿಸೆಂಬರ್ 16ರಂದು ಹೃದಯಾಘಾತದಿಂದ ಸತ್ತಾಗ ವಯಸ್ಸು 54. ಅಷ್ಟರಲ್ಲಿ, ಲೋಟಸ್ ಕೈಜೋಡಿಸಿದ್ದ ಡಿಲೋರಿಯನ್ ಕಾರಿನ ಯೋಜನೆಗೆ ಬ್ರಿಟಿಷ್ ಸರ್ಕಾರ ಕೊಟ್ಟ ಹಣ ಎಲ್ಲಿ ಹೋಯಿತೆಂಬ ತನಿಖೆ ಲೋಟಸ್ ಬಾಗಿಲಿಗೆ ಬಂದಿತ್ತು. ಕಂಪನಿಯ ಹಣಕಾಸು ನೋಡಿಕೊಳ್ಳುತ್ತಿದ್ದ ಫ್ರೆಡ್ ಬುಶೆಲ್ 1992ರಲ್ಲಿ ಜೈಲಿಗೆ ಹೋದ.

ರೈಟ್ ಮತ್ತು ಸಂಗಡಿಗರ ಕೊನೆಯ ದೊಡ್ಡ ಕಾಣಿಕೆ ಆಕ್ಟಿವ್ ಸಸ್ಪೆನ್ಷನ್: ಸ್ಪ್ರಿಂಗಿನ ಬದಲು ಕಂಪ್ಯೂಟರ್ ಹೇಳಿದಂತೆ ಕೇಳುವ ಹೈಡ್ರಾಲಿಕ್ ಕಾಲುಗಳು. ತಳ ಮತ್ತು ರಸ್ತೆಯ ನಡುವಿನ ಅಂತರ ಏನೇ ಆದರೂ ಬದಲಾಗಬಾರದೆಂಬ ಹಳೆಯ ಚಿಂತೆಯಿಂದಲೇ ಹುಟ್ಟಿದ್ದು. 1987ರಲ್ಲಿ ಐರ್ಟನ್ ಸೆನ್ನಾ ಅದರೊಂದಿಗೆ ಮೊನಾಕೊ ಮತ್ತು ಡೆಟ್ರಾಯಿಟ್ ಗೆದ್ದ. ಡೆಟ್ರಾಯಿಟ್ ಲೋಟಸ್ ಕಾರುಗಳ 79ನೆಯ ಗೆಲುವು, ತಂಡದ ಕೊನೆಯದೂ ಹೌದು. ಸಾಲ ಬೆಳೆದು 1995ರ ಜನವರಿಯಲ್ಲಿ ಟೀಮ್ ಲೋಟಸ್ ಬಾಗಿಲು ಹಾಕಿತು. ಹೆಸರಿಗೆ ಮಾತ್ರ ಬೆಲೆ ಉಳಿದಿತ್ತು: 2011ರಲ್ಲಿ ಅದಕ್ಕಾಗಿ ಇಬ್ಬರು ಲಂಡನ್ನಿನ ಕೋರ್ಟಿನಲ್ಲಿ ಬಡಿದಾಡಿದರು, ಆ ವರ್ಷ ಗ್ರೇಟರ್ ನೊಯ್ಡಾದಲ್ಲಿ ನಡೆದ ಮೊದಲ ಇಂಡಿಯನ್ ಗ್ರಾಂಪ್ರಿಯಲ್ಲಿ ಲೋಟಸ್ ಹೆಸರಿನ ಎರಡು ಬೇರೆ ಬೇರೆ ತಂಡಗಳು ಓಡಿದವು. ಚೆನ್ನೈನ ಕರುಣ್ ಚಂಧೋಕ್ ಅವುಗಳಲ್ಲೊಂದರ ಪರವಾಗಿ ಜರ್ಮನಿಯ ರೇಸಿನಲ್ಲಿ ಸ್ಪರ್ಧಿಸಿದ್ದ. ಹಾರ್ನ್ಸಿಯ ಕುದುರೆಲಾಯಕ್ಕೂ ಈ ಎರಡಕ್ಕೂ ಹೆಸರಿನ ನಂಟಷ್ಟೇ.

2022ರಲ್ಲಿ ನಿಯಮ ಬದಲಾಗಿ ಸುರಂಗಗಳು ಮರಳಿದವು. ಹಿಂದಿನ ಕಾರು ಮುಂದಿನದರ ಕಲಕಿದ ಗಾಳಿಯಲ್ಲೂ ಹಿಡಿತ ಉಳಿಸಿಕೊಂಡು ಹತ್ತಿರ ಓಡಲಿ ಎಂಬುದು ಉದ್ದೇಶ. ತಂಡಗಳ ಬಳಿ ಈಗ ಸಾವಿರಾರು ಜನ, ಕಂಪ್ಯೂಟರಿನಲ್ಲೇ ಗಾಳಿ ಹರಿಸಿ ನೋಡುವ ವ್ಯವಸ್ಥೆ. ಫೆಬ್ರವರಿಯ ಮೊದಲ ಪರೀಕ್ಷೆಗೆ ಕಾರುಗಳು ಬಾರ್ಸೆಲೋನಾದಲ್ಲಿ ಟ್ರ್ಯಾಕಿಗಿಳಿದಾಗ ಲೋಟಸ್ 80ರ ಕುಣಿತ ಹಾಗೆಹಾಗೇ ಮರಳಿ ಬಂತು. ವಿಂಡ್ ಟನಲ್‌ನ ಮಾದರಿಗೆ ನಿಜವಾದ ಟೈರಿನ ಮೆತ್ತಗಿನ ಜಗ್ಗಾಟವಿಲ್ಲ, ನಿಜವಾದ ಸ್ಪ್ರಿಂಗಿಲ್ಲ. ಅಲ್ಲಿ ಅದು ಕಾಣಿಸಿಕೊಂಡಿರಲಿಲ್ಲ. ಎಂಟು ಸಲ ಸತತ ತಂಡ-ಪ್ರಶಸ್ತಿ ಗೆದ್ದಿದ್ದ ಮರ್ಸಿಡಿಸ್‌ಗೇ ಅತಿ ಹೆಚ್ಚು ಪೆಟ್ಟು. ಬಾಕುವಿನ ರೇಸ್ ಮುಗಿದಾಗ ಲೂಯಿಸ್ ಹ್ಯಾಮಿಲ್ಟನ್ ಬೆನ್ನು ಹಿಡಿದುಕೊಂಡು ಕಾರಿನಿಂದ ಇಳಿದ. ಕುಣಿತಕ್ಕೆ ಮಿತಿ ಹಾಕುವ ಅಳತೆಯೊಂದನ್ನು ಆ ವರ್ಷವೇ ಜಾರಿ ಮಾಡಿದರು, ಮತ್ತು 2023ರ ಕಾರುಗಳು ತಳದ ಹೊರ ಅಂಚನ್ನು ರಸ್ತೆಯಿಂದ ಇನ್ನೂ 15 ಮಿಲಿಮೀಟರ್ ಮೇಲಕ್ಕೆತ್ತಬೇಕೆಂದು ನಿಯಮ ಮಾಡಿದರು.